ಮೂರು ಕೋಲು, ಒಂದು ಕೊಳವೆ

"ಕೇಳ್ರಪ್ಪೋ ಕೇಳಿ! ಕೆಂಗೋಟೆಯ ಕಾಚರಸರ ಅಪ್ಪಣೆ! ಮೂರು ಒಗಟು ಬಿಡಿಸಿ ಊರಿಗೆ ನೀರು ತಂದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಕೋಟೆಬಾಗಿಲಿಗೆ!"

ಡಂಗುರದವನ ಗಂಟಲೂ ಒಣಗಿತ್ತು. ಗುಡ್ಡದ ಮೇಲೆ ತುಂಬಿದ ಕೆರೆ, ಕೆಳಗೆ ಬಾಯಾರಿದ ಊರು, ನಡುವೆ ಸುಟ್ಟ ಮಣ್ಣಿನ ಕೊಳವೆಗಳ ಸಾಲು. ಒಂದರ ಬಾಲವನ್ನು ಇನ್ನೊಂದರ ಬಾಯಿಗೆ ಸೇರಿಸಿದಲ್ಲೆಲ್ಲ ನೀರು ಸೋರುತ್ತಿತ್ತು. ಊರಿಗೆ ಹನಿಯೂ ಮುಟ್ಟುತ್ತಿರಲಿಲ್ಲ. ಜನ ಕಂದಕದ ಕೊಳೆನೀರು ಕುಡಿದು ಸತ್ತರು. ಅರಸನ ಒಬ್ಬಳೇ ಮಗಳೂ ಸತ್ತಳು. ಹಾಗಾಗಿ ಈ ಕತೆಯಲ್ಲಿ ಗೆಲ್ಲುವುದಕ್ಕೆ ರಾಜಕುಮಾರಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಒಗಟಿಗೂ ಮೊದಲೇ ಹೋದದ್ದು ಆ ಕೊಳವೆ ಮಾಡಿದ ಹಿರಿಯ ಕುಂಬಾರ ಮಾಳಿಂಗನ ತಲೆ. ಕೋಲು ಹಿಡಿದು ಕೊಳವೆ ಅಳೆಯುವವರು ಮೂವರಿದ್ದರು. ಒಬ್ಬ ಕೊಳವೆಯ ಉದ್ದ ಅಳೆಯುತ್ತಿದ್ದ, ಒಬ್ಬ ಬಾಯಿ, ಒಬ್ಬ ಬಾಲ. "ನಾನು ಅಳೆದದ್ದು ಸರಿಯಿತ್ತು" ಎಂದು ಮೂವರೂ ಆಣೆಯಿಟ್ಟರು. ಹಾಗಾದರೆ ಕುಂಬಾರನೇ ಕಳ್ಳ, ಆಮೇಲೆ ಕೆಟ್ಟ ಕೊಳವೆ ಸೇರಿಸಿದ್ದಾನೆ ಎಂದ ಅರಸ. ಬಾಯಿ ಅಳೆದು ಆಣೆಯಿಟ್ಟವನು ಮಾಳಿಂಗನ ಸ್ವಂತ ಮಗ, ದುಗ್ಗ.

ಬೇರೆ ಕುಂಬಾರರು ಬಂದರು. ಆದರೂ ಸೋರಿತು. ಅರಸ ತಲೆಕೆಟ್ಟು ಒಗಟು ಕಟ್ಟಿದ. ಉತ್ತರ ಅವನಿಗೂ ಗೊತ್ತಿರಲಿಲ್ಲ.

ಆಸ್ಥಾನಕ್ಕೆ ಒಬ್ಬ ಪಂಡಿತ ಬಂದ. "ಮೂವರು ಸಾಕ್ಷಿಗಳು ನಿಜ ನುಡಿದರು. ಮೂರು ನಿಜ ಸೇರಿ ಒಂದು ಸುಳ್ಳಾಯಿತು. ಹೇಗೆ?" ಎಂದ ಅರಸ.

"ನಿನ್ನೆ, ಇಂದು, ನಾಳೆ. ಅವೇ ಆ ಸಾಕ್ಷಿಗಳು, ಪ್ರಭು."

"ಇದರಿಂದ ನೀರು ಬರುತ್ತದೆಯೇ?"

ಬರಲಿಲ್ಲ. ಪಾಪ, ಬಾಯಿ ತುಂಬ ಮಾತಿದ್ದ ಮನುಷ್ಯ. ನೆರೆರಾಜ್ಯದ ರಾಜಕುಮಾರನೊಬ್ಬ "ಕಾಮ, ಕ್ರೋಧ, ಲೋಭ" ಎಂದ. ಅವನ ತಲೆಯೂ ಬಾಗಿಲೇರಿತು.

ದುಗ್ಗ ಅಪ್ಪನ ಹಟ್ಟಿಯಲ್ಲಿ ಉಳಿದ ಕೊಳವೆಗಳನ್ನು ಸೇರಿಸುತ್ತ, ಬಿಡಿಸುತ್ತ ಕೂತಿರುತ್ತಿದ್ದ. ಅವ್ವ ಅವನೊಂದಿಗೆ ಮಾತು ಬಿಟ್ಟಿದ್ದಳು. ಅವನು ಒಗಟು ಬಿಡಿಸಲು ಅರಮನೆಗೆ ಹೊರಟಾಗ ಮಾತ್ರ ಬಾಯಿಬಿಟ್ಟಳು. "ಹೋಗು. ಅಪ್ಪನ ತಲಿ ಕೊಟ್ಟಿ, ನಿಂದೂ ಕೊಟ್ಟು ಬಾ."

ಅವನಿಗೆ ಬದುಕುವ ಆಸೆಯೇನೂ ಇರಲಿಲ್ಲ. ಅಪ್ಪ ಕಳ್ಳನಲ್ಲ ಎಂಬ ಮಾತು ಊರ ಕಿವಿಗೆ ಬಿದ್ದರೆ ಸಾಕಿತ್ತು. ಮೊದಲ ಒಗಟಿಗೆ ಅವನು ಎರಡು ಕೊಳವೆ ಮುಂದಿಟ್ಟ.

"ಬುದ್ಧಿ, ನಮ್ಮ ಕೋಲು ಒಂದು ಗೋಧಿಕಾಳಿನಷ್ಟು ಹೆಚ್ಚುಕಡಿಮೆ ಒಪ್ಪುತ್ತದೆ. ಈ ಬಾಯಿ ಒಂದು ಕಾಳು ಅಗಲ, ನಾನು ಸರಿ ಅಂದೆ. ಆ ಬಾಲ ಒಂದು ಕಾಳು ಸಣ್ಣ, ಬಾಲ ಅಳೆದವನೂ ಸರಿ ಅಂದ. ಸೇರಿಸಿ ನೋಡಿ, ಎರಡು ಕಾಳಿನ ಸಂದು. ನೀರಿಗೆ ಅಷ್ಟು ಸಾಕು."

ಅರಸ ಮುಂದಕ್ಕೆ ಬಗ್ಗಿ ಎರಡನೆಯದನ್ನು ಕೇಳಿದ. "ಗಾಡಿಯಿಂದ ಒಂದನ್ನೆತ್ತಿದೆ, ಕುಂದಿಲ್ಲ. ಇನ್ನೊಂದನ್ನೆತ್ತಿದೆ, ಕುಂದಿಲ್ಲ. ಗಾಡಿ ಮಾತ್ರ ಕೆಲಸಕ್ಕೆ ಬಾರದು. ಅದು ಹೇಗೆ?"

"ಕೊಳವೆ ಸುಡುವ ಆವಿಗೆಯಲ್ಲಿ ನಡುವಿನದು ಹೆಚ್ಚು ಬೆಂದು ಕುಗ್ಗುತ್ತದೆ, ಅಂಚಿನದು ಕುಗ್ಗುವುದಿಲ್ಲ. ಬಾಯಿ ಕುಗ್ಗಿದರೆ ಬಾಲವೂ ಜೊತೆಗೇ ಕುಗ್ಗುತ್ತದೆ. ಒಂದೇ ಕಡೆ ಒಂದೇ ಬೆಂಕಿಯಲ್ಲಿ ಬೆಂದವು ಒಂದಕ್ಕೊಂದು ಕೂಡುತ್ತವೆ. ನಾವು ಗಾಡಿಯಲ್ಲಿ ಎಲ್ಲ ಕಲೆಸಿಬಿಟ್ಟೆವು. ಒಂದೊಂದನ್ನೇ ಅಳೆದರೆ ತಿಳಿಯದು ಬುದ್ಧಿ. ಇಡೀ ಆವಿಗೆಯ ಕೊಳವೆಗಳ ಅಳತೆ ಎಷ್ಟು ಅತ್ತಿತ್ತ ಹೋಗುತ್ತದೆ ಅಂತ ಮೂರೂ ಕೋಲು ಒಟ್ಟಿಗಿಟ್ಟು ನೋಡಬೇಕಿತ್ತು."

"ಕುಂಬಾರರನ್ನು ಬದಲಿಸಿದೆ, ಮಣ್ಣು ಬದಲಿಸಿದೆ. ಕಳ್ಳ ಹೋಗಲಿಲ್ಲ. ಅವನೆಲ್ಲಿದ್ದಾನೆ?" ಅರಸ ಮೂರನೆಯದನ್ನು ಕೇಳಿದ.

"ಆವಿಗೆ ಅದೇ, ಕೋಲುಗಳೂ ಅವೇ. ಕಳ್ಳ ಅಲ್ಲಿದ್ದಾನೆ, ಯಾರ ಕೈಯಲ್ಲೂ ಇಲ್ಲ. ನಾವು ಮೂವರು ನಮ್ಮ ನಮ್ಮದಷ್ಟೇ ನೋಡಿ ಆಣೆಯಿಟ್ಟೆವು. ನಾನಾಡಿದ ನಿಜವೇ ನನ್ನಪ್ಪನನ್ನು ಕೊಂದಿತು."

ಒಂದೇ ಬೆಂಕಿಯ ಕೊಳವೆಗಳನ್ನು ಆರಿಸಿ ಸಾಲು ಕಟ್ಟಿದರು. ನೀರು ಊರು ಮುಟ್ಟಿತು. ಜನ ಅಳುತ್ತ ಕುಡಿದರು.

"ಅರ್ಧ ರಾಜ್ಯ ಕೊಡಲೇ?" ಎಂದ ಅರಸ.

"ಅಪ್ಪನ ತಪ್ಪಿಲ್ಲ ಅಂತ ಡಂಗುರ ಸಾರಿಸಿ."

"ಹಾಗಾದರೆ ತಪ್ಪು ಯಾರದು ಅಂತ ಜನ ಕೇಳುತ್ತಾರಲ್ಲೋ."

"ನಿಮ್ಮದು. ನನ್ನದು."

ಅರಸ ಡಂಗುರವನ್ನು ತನ್ನ ಕೊರಳಿಗೇ ಹಾಕಿಕೊಂಡು ಬೀದಿಗಿಳಿದ. "ಕೇಳ್ರಪ್ಪೋ ಕೇಳಿ! ಮಾಳಿಂಗನ ತಪ್ಪಿಲ್ಲ! ತಪ್ಪು ನನ್ನದು!" ದುಗ್ಗ ಹಿಂದೆ ಹಿಂದೆ ನಡೆದ. "ನನ್ನದೂ!"

ಕೋಟೆಬಾಗಿಲಿಗೆ ಬಂದಾಗ ಅವ್ವ ಆಗಲೇ ಅಲ್ಲಿದ್ದಳು. ಗಂಡನ ತಲೆಯನ್ನು ಇಳಿಸಿ ಮಡಿಲಲ್ಲಿಟ್ಟುಕೊಂಡು, ಹೊಸ ನೀರಿನ ಮೊದಲ ಕೊಡದಿಂದ ತೊಳೆಯುತ್ತಿದ್ದಳು. ದುಗ್ಗ ಎದುರು ಕೂತು ಬೊಗಸೆಯೊಡ್ಡಿದ. ಅವಳು ತಲೆಯೆತ್ತಲಿಲ್ಲ. ಕೊಡ ಖಾಲಿಯಾಗುವವರೆಗೂ ತೊಳೆಯುತ್ತಲೇ ಇದ್ದಳು.