ಬೀಗರ ದಿನ್ನೆ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ನನ್ನ ಮೀಸೆಯ ಮೇಲೆ ಆಣೆ. ಇಷ್ಟು ದಪ್ಪ ಮೀಸೆ ಸುತ್ತ ಏಳೂರಿನಲ್ಲಿ ಇನ್ನೊಂದಿಲ್ಲ. ಕೆಂಪುಹಳ್ಳದ ದಂಡೆಯಲ್ಲಿ ಒಂದು ದಿನ್ನೆ, ಅದರ ಮೇಲೆ ಹಂಚು ಹೊದಿಸಿದ ಪುಟ್ಟ ಚರ್ಚು. ಒಳಗೆ ಹನ್ನೆರಡು ಬೆಂಚುಗಳಿವೆ. ಅವೆಲ್ಲಕ್ಕೂ ಮುಂದೆ, ಬೋಧಕರ ಪೀಠದ ಪಕ್ಕದಲ್ಲೇ, ಬಟ್ಟೆ ಒಗೆದು ಒಗೆದು ನುಣುಪಾದ ಒಂದು ಚಪ್ಪಡಿಕಲ್ಲು. ಈ ಜಾಗವನ್ನು ಬೀಗರ ದಿನ್ನೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಊರಿನ ಹನ್ನೆರಡು ಮನೆಯವರು ಹೊಸದಾಗಿ ಕ್ರಿಸ್ತನನ್ನು ನಂಬಿದಾಗ, ಯಾಕೋಬನ ಹನ್ನೆರಡು ಮಕ್ಕಳ ಕುಲಗಳನ್ನು ಮನೆಗೊಂದರಂತೆ ಹಂಚಿಕೊಂಡು, ಕುಲಕ್ಕೊಂದು ಬೆಂಚು ಮಾಡಿಸಿದರಂತೆ. ಹದಿಮೂರನೆಯದಾಗಿ ಬಂದದ್ದು ಮಡಿವಾಳರ ಲಚ್ಚಪ್ಪನ ಮನೆ. ಊರವರ ಬಟ್ಟೆಯ ಕಲೆಯೆಲ್ಲ ಬಲ್ಲ ಲಚ್ಚಪ್ಪನಿಗೆ ಎಲ್ಲಿ ಕೂರಬೇಕೆಂಬುದು ಮಾತ್ರ ತಿಳಿಯಲಿಲ್ಲ. ಯೂದ ಕುಲದ ಬೆಂಚಿನಿಂದ ಸಭೆಯ ಹಿರಿಯ ಬೋವಜಪ್ಪ ಹೇಳಿದ: “ಬೆಂಚು ತುಂಬ್ಯಾವಲ್ಲೋ. ಯಾಕೋಬಗ ಹದಿಮೂರನೇ ಮಗನ್ನ ನಾ ಎಲ್ಲಿಂದ ಹುಟ್ಟಿಸ್ಲಿ? ಹೊಸ್ತಿಲಾಚೆ ಕೂಡು, ಹಾಡು ಅಲ್ಲಿಗೂ ಕೇಳ್ತಾವ.” ಲಚ್ಚಪ್ಪ ತನ್ನ ಕತ್ತೆಗಳ ಜೊತೆ ಹೊರಗೆ ಕೂತ. ಬಸುರಿ ಹೆಂಡತಿ ರೂತವ್ವ ಮೆಲ್ಲಗೆ ಕೇಳಿದಳು: “ಹುಟ್ಟೋ ಕೂಸೂ ಹೊಸ್ತಿಲಾಚೆನ ಏನು?” ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ.

ರೂತವ್ವನಿಗೆ ಓದು ಬರುತ್ತಿತ್ತು. ಹಳ್ಳದಲ್ಲಿ ಅವನು ಬಟ್ಟೆ ಒಗೆಯುತ್ತಿದ್ದರೆ ಅವಳು ಆದಿಕಾಂಡ ಓದುತ್ತಿದ್ದಳು. ಇವನು ಅವನನ್ನು ಪಡೆದನು, ಅವನು ಇನ್ನೊಬ್ಬನನ್ನು ಪಡೆದನು ಎಂಬ ಪಟ್ಟಿ ಬಂದರೆ ಬೋಧಕರೇ ಹಾಳೆ ಮಗುಚುತ್ತಿದ್ದರು. ತನಗೂ ಒಂದು ಕುಲ ಸಿಕ್ಕೀತೇ ಎಂದು ಲಚ್ಚಪ್ಪನಿಗೆ ಆ ಪಟ್ಟಿಯೇ ಬೇಕಾಗಿತ್ತು. ಹೆಸರಿಗೊಂದು ಏಟು ಕಲ್ಲಿನ ಮೇಲೆ ಬೀಳುತ್ತಿತ್ತು. ಮೂವತ್ತಾರನೆಯ ಅಧ್ಯಾಯದಲ್ಲಿ, ಸೇಯೀರನ ಕುಲದ ಅನಾಹನೆಂಬವನು ತಂದೆಯ ಕತ್ತೆಗಳನ್ನು ಮೇಯಿಸುತ್ತ ಅಡವಿಯಲ್ಲಿ ಬಿಸಿನೀರಿನ ಬುಗ್ಗೆ ಕಂಡನೆಂದು ಬಂತು. ಎತ್ತಿದ ಪಂಚೆ ಗಾಳಿಯಲ್ಲೇ ನಿಂತಿತು. ಕತ್ತೆಯೂ ಇದೆ, ಬಿಸಿನೀರೂ ಇದೆ. ಇವನು ಮಡಿವಾಳನಲ್ಲದೆ ಮತ್ಯಾರು?

“ಇಂವನ ಮಗಳನ್ನ ಯಾರಿಗೆ ಕೊಟ್ಟಾರ, ನೋಡು.”

“ಏಸಾವಗ.”

ಭಾನುವಾರ ಲಚ್ಚಪ್ಪ ಹೊರಗೆ ಕೂರಲಿಲ್ಲ, ಬಾಗಿಲಲ್ಲಿ ನಿಂತ. “ಯಜಮಾನ್ರ, ಏಸಾವ ಯಾಕೋಬನ ಅಣ್ಣ ಹೌದಿಲ್ರಿ? ಅಂದ್ರ ನಿಮ್ಮ ಹನ್ನೆರಡೂ ಮನಿಗೆ ದೊಡ್ಡಪ್ಪ. ಆ ದೊಡ್ಡಪ್ಪಗ ಹೆಣ್ಣು ಕೊಟ್ಟ ಅನಾಹ ನಮ್ಮಂವ. ನಾ ಬೆಂಚು ಕೇಳಾಕ ಬಂದಿಲ್ಲ. ಬೀಗರನ್ನ ಬಾಗಲದಾಗ ನಿಂದ್ರಸೋದು ಯಾವ ಊರ ಪದ್ಧತಿ, ಅದನ್ನಷ್ಟು ಹೇಳ್ರಿ.”

ಕುಲವಿಲ್ಲದವನನ್ನು ಹೊರಗೆ ಕೂರಿಸಿ ನೆಮ್ಮದಿಯಾಗಿ ಹಾಡಬಹುದು. ಬೀಗರನ್ನು ಹೊರಗೆ ಕೂರಿಸಿ ಊರಿನಲ್ಲಿ ಮುಖವೆತ್ತಿ ತಿರುಗುವವರು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. “ಅಯ್ಯ, ಕಾಲಿಗೆ ನೀರೂ ಕೊಟ್ಟಿಲ್ಲಲ್ಲ ನಾವು” ಎಂದು ಹೆಂಗಸರಲ್ಲಿ ಗುಸುಗುಸು ಎದ್ದಿತು. ಬೋವಜಪ್ಪ ಎದ್ದ. ತಂಬಿಗೆಯಲ್ಲಿ ನೀರು ತಂದು ತಾನೇ ಲಚ್ಚಪ್ಪನ ಕಾಲಿಗೆ ಹಾಕಿದ. ಹಳ್ಳದ ಒಗೆಯುವ ಕಲ್ಲನ್ನು ಹೊತ್ತು ತಂದು ಬೆಂಚುಗಳಿಗೂ ಮುಂದೆ ಹಾಕಿದರು. ಬೀಗರಿಗೆ ಹಿಂದಿನ ಸಾಲು ಸಲ್ಲದು.

ಇಂದಿಗೂ ಹೊಸಬರು ದಿನ್ನೆ ಹತ್ತಿದರೆ ಬೋವಜಪ್ಪನ ಮನೆತನದವರೇ ಕಾಲಿಗೆ ನೀರು ಕೊಟ್ಟು, ಕರೆದೊಯ್ದು ಆ ಕಲ್ಲಿನ ಮೇಲೆ ಕೂರಿಸುತ್ತಾರೆ. ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿದ್ದು, ಒಪ್ಪಿಕೊಳ್ಳುತ್ತೇನೆ. ಬೋವಜಪ್ಪ ಎದ್ದದ್ದು ಅದೇ ಭಾನುವಾರ ಅಲ್ಲ. ಲಚ್ಚಪ್ಪ ವಾರವಾರವೂ ಬಾಗಿಲಲ್ಲಿ ನಿಂತು ಅದೇ ಮಾತು ಕೇಳಿದ. ನೀರು ಬರಲು ಎರಡು ವರ್ಷ ಹಿಡಿಯಿತು. ಆ ಹೊತ್ತಿಗೆ ತೊಳೆಸಿಕೊಳ್ಳಲು ಅವನ ಪಕ್ಕದಲ್ಲಿ ಇನ್ನೆರಡು ಪುಟ್ಟ ಕಾಲುಗಳು ನಿಂತಿದ್ದವು.