ನಿಂತಲ್ಲಿಂದ ಮುಂದಕ್ಕೆ

"ನೋಡಿ, ಮತ್ತೆ ಬಂದಳು! ಒಂದು ಮಾತನ್ನಾದರೂ ಪೂರ್ತಿ ಆಡೋಕೆ ಬಿಡ್ತಾಳಾ ಗುರುಗಳೇ ಇವಳು?" ಎಂದಳು ವಾರಿಜ.

ವಾರಿಜ ಸೂಪರ್ ಕಂಪ್ಯೂಟರ್ ಕಟ್ಟುವವಳು. ರಜೆಗೆಂದು ಮಗಳು ಅಲಕಾಳನ್ನು ಕರೆದುಕೊಂಡು ಹೊಳೆದಂಡೆಯ ಆಶ್ರಮಕ್ಕೆ ಬಂದಿದ್ದಳು. ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅಮ್ಮಾ, ಶಾಲೇಲಿ ಆ ಹುಡುಗೀರು ನನ್ನ..."

"ಆಮೇಲೆ, ಅಲಕಾ. ದೊಡ್ಡವರು ಮಾತಾಡ್ತಿರೋದು ಕಾಣಿಸ್ತಿಲ್ವಾ?"

ಮಗು ಕಂಬ ಹಿಡಿದು ನಿಂತಿತು.

"ಏನೋ ಹೇಳುತ್ತಿದ್ದೆಯಲ್ಲ?" ಎಂದರು ಗುರುಗಳು. ಅವರು ನೋಡಿದ್ದು ಮಗುವನ್ನು. ಉತ್ತರಿಸಿದವಳು ವಾರಿಜ.

"ಮೊದಲೆಲ್ಲ ಒಂದೇ ಪ್ರೊಸೆಸರನ್ನು ಚುರುಕು ಮಾಡ್ತಿದ್ವಿ. ಈಗ ಸಾವಿರಾರು ಜೋಡಿಸ್ತೀವಿ. ನಡುವಿನ ನೆಟ್‌ವರ್ಕ್ ನಿಧಾನವಾದರೆ ಅಷ್ಟೂ ಕೈಕಟ್ಟಿ ಕೂತಿರ್ತವೆ. ಲೆಕ್ಕ ಮಾಡೋದು ಕಷ್ಟವಲ್ಲ, ದೂರದಿಂದ ಮಾಹಿತಿ ತರಿಸಿಕೊಳ್ಳೋದೇ ಕಷ್ಟ. ಅದಕ್ಕೇ ಮಾಹಿತಿ ಇಡೋ ಮೆಮೊರಿಯನ್ನೇ ತಂದು ಪ್ರೊಸೆಸರಿನ ಪಕ್ಕದಲ್ಲಿ ಕೂರಿಸ್ತಿದ್ದೀವಿ."

"ಪಕ್ಕದಲ್ಲಿದ್ದರೆ ಬೇಗ ಮುಟ್ಟುತ್ತದೋ?"

"ತಕ್ಷಣ."

"ಅಮ್ಮಾ..."

"ಅಲಕಾ! ನಿನಗೆ ಕಿವಿ ಇಲ್ವಾ?"

ಗುರುಗಳು ಇನ್ನೊಂದು ಕಾಯಿ ಬಿಡಿಸಿದರು. "ಕೆಲಸದ ನಡುವೆ ಯಂತ್ರ ಕೆಟ್ಟರೆ?"

"ಅಷ್ಟು ದೊಡ್ಡದರಲ್ಲಿ ಒಂದಲ್ಲ ಒಂದು ಕೆಡ್ತಾನೇ ಇರುತ್ತೆ. ಆದರೆ ಲೆಕ್ಕ ಎಲ್ಲಿವರೆಗೆ ಬಂತು ಅಂತ ಆಗಾಗ ಉಳಿಸಿಟ್ಟುಕೊಳ್ತೀವಿ. ನಿಂತಲ್ಲಿಂದಲೇ ಮುಂದುವರಿಸ್ತೀವಿ. ಆ ಭಾಗ ನೋಡಿಕೊಳ್ಳೋಳು ನಾನೇ." ವಾರಿಜಳ ಮುಖ ಅರಳಿತು.

ಗುರುಗಳು ಮೊರವನ್ನು ಅಲಕಾಳತ್ತ ಸರಿಸಿದರು. ಅವಳೂ ಕೂತು ಕಾಯಿ ಸುಲಿಯತೊಡಗಿದಳು.

"ಅಮ್ಮನಿಗೆ ಏನೋ ಹೇಳಬೇಕಿತ್ತಲ್ಲ ಪುಟ್ಟೀ?"

"ಏನಿಲ್ಲ ತಾತ."

"ಮರೆತುಹೋಯಿತೋ?"

"ಇಲ್ಲ."

ಮಗು ತಲೆ ಎತ್ತಲಿಲ್ಲ.

ವಾರಿಜಳ ಮುಖ ಇಳಿಯಿತು. "ಹೇಳೇ ಮಗಳೇ, ಈಗ ಹೇಳು" ಎಂದು ಕೈ ಹಿಡಿಯಹೋದಳು. ಅಲಕಾ ಕೈ ಹಿಂದಕ್ಕೆಳೆದುಕೊಂಡಳು. ಎದ್ದು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಳು.

"ನನ್ನ ಹತ್ತಿರ ಹೇಳಲ್ಲ ಅವಳು. ನೀವಾದರೂ ಕೇಳಿ ಗುರುಗಳೇ."

"ನಿಂತಲ್ಲಿಂದ ಮುಂದುವರಿಸುವ ವಿದ್ಯೆ ನಿನ್ನದು ತಾಯೀ. ನೀನೇ ಹೋಗು."

ವಾರಿಜ ಎದ್ದಳು. ಜಗಲಿ ಇಳಿದವಳು ಅಲ್ಲೇ ನಿಂತುಬಿಟ್ಟಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು.

ಗುರುಗಳು ಸಿಪ್ಪೆ ಗುಡಿಸುತ್ತ ಕೇಳಿದರು:

"ಮಗುವಿನ ಮಾತು ಎಲ್ಲಿಗೆ ನಿಂತಿತ್ತು?"