ಕೆಸರಿನ ಸೀಸೆಯ ಮುಳ್ಳುಕಾಳು

ಪ್ರಯೋಗಾಲಯದ ಕಿಟಕಿಯಲ್ಲಿ ಎರಡು ಸೀಸೆಗಳಿದ್ದವು. ಒಂದರಲ್ಲಿ ಡೈನೋಫ್ಲಾಜೆಲೇಟ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಜೀವಿಗಳು ಬುಗುರಿಯಂತೆ ತಿರುಗುತ್ತ ಈಜುತ್ತಿದ್ದವು. ಇನ್ನೊಂದರ ತಳದ ಕೆಸರಿನಲ್ಲಿ ಚಿಪ್ಪಿನ ತುಂಬ ಮುಳ್ಳಿದ್ದ, ಅಷ್ಟೇ ಸಣ್ಣ ಒಂದು ಮುಳ್ಳುಕಾಳು ಮಲಗಿತ್ತು. ಈಜುವವರಿಗೆ ಒಬ್ಬ ಪಂಡಿತರು ಹೆಸರಿಟ್ಟಿದ್ದರು, ಕಾಳಿಗೆ ಇನ್ನೊಬ್ಬರು. ಪಂಡಿತರಿಬ್ಬರಿಗೂ ಮಾತುಕತೆ ಇರಲಿಲ್ಲವಾದ್ದರಿಂದ ಕುಲಗಳೂ ಎರಡಾದವು.

"ಇವತ್ತು ಸೀಸೆ ತೊಳೆಯುತ್ತಾರಂತೆ. ಕೆಸರಿನವರು ಮೋರಿಗೆ, ನಾವು ಇಲ್ಲೇ," ಎಂದಿತು ಈಜುವವರ ಸೀಸೆಗೆ ಅಂಟಿಸಿದ್ದ ಹೆಸರಿನ ಚೀಟಿ. "ಕುಲ ನೋಡಿ ತಾನೆ ಜಾಗ ಕೊಡುವುದು?"

"ನಮ್ಮ ಹೆಸರೂ ಲ್ಯಾಟಿನ್ನಿನಲ್ಲೇ ಇದೆಯಪ್ಪ," ಎಂದು ಕೆಸರಿನ ಚೀಟಿ ಗೊಣಗಿತು.

ಅಷ್ಟರಲ್ಲಿ ಬಿಸಿಲು ಬಿದ್ದು ನೀರು ಬೆಚ್ಚಗಾಯಿತು. ಕಾಳಿಗೆ ಮೈಯೆಲ್ಲ ಕಚಗುಳಿ. ಚಿಪ್ಪು ಬಿರಿಯಿತು. ಒಳಗಿದ್ದವಳು ಹೊರಬಿದ್ದು ಗಿರ್ರನೆ ತಿರುಗಿದಳು.

ಪಕ್ಕದವರೆಲ್ಲ ಗಾಜಿಗೆ ಮುತ್ತಿದರು. "ನಮ್ಮ ಹುಡುಗಿಯಲ್ಲವೇ ಇವಳು? ಅಲ್ಲಿಗೆ ಹೇಗೆ ಹೋದೆಯೇ?"

"ಎಲ್ಲೂ ಹೋಗಿಲ್ಲ, ಅಕ್ಕಂದಿರಾ. ಚಳಿಗೆ ಮುದುಡಿ ಮಲಗಿದ್ದೆ. ನೀವೂ ಮಲಗುತ್ತೀರಿ, ಎದ್ದ ಮೇಲೆ ಮರೆಯುತ್ತೀರಿ, ಅಷ್ಟೆ."

ಸೀಸೆ ತೊಳೆಯುವ ಮುನ್ನ ಸಂಶೋಧಕಿ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಳು, ನಕ್ಕಳು, ಹುಡುಗಿಯನ್ನು ಅಕ್ಕಂದಿರ ಜೊತೆ ಬಿಟ್ಟಳು.

"ಕುಲ ಒಂದೇ ಆದರೆ ಮೊದಲು ಇಟ್ಟ ಹೆಸರೇ ಉಳಿಯುವುದು," ಎಂದು ಈಜುವವರ ಚೀಟಿ ಬೀಗಿತು. ನಿಯಮ ಸರಿಯಾಗಿಯೇ ಇತ್ತು. ಮೊದಲು ಹೆಸರಿಟ್ಟದ್ದು ಕೆಸರಿನ ಕಾಳಿಗೆ.

ಈಗ ಈಜುವವರ ಸೀಸೆಯ ಮೇಲೆ ಕೆಸರಿನವರ ಚೀಟಿಯಿದೆ. ಒಳಗಿನವರು ಯಾರೂ ಅದನ್ನು ಓದಿಲ್ಲ. ತಿರುಗುವುದಕ್ಕೇ ಪುರುಸೊತ್ತು ಸಾಲದು.